ಏರಲ್ಲಿ ಉಸಿರು ಕಟ್ಟೋ ಜಿಪ್ಸಿ (ಮನೆ ಗ್ರೂಪ್)

ಪ್ರವೀಣ: (ಫಾರ್ವರ್ಡ್ ಮಾಡಿದ ವಿಡಿಯೊ) ದೊಡ್ಡಪ್ಪ ಇದನ್ನ ಪೂರ್ತಿ ನೋಡಿ, ಇ20 ಪೆಟ್ರೋಲ್ (ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿರೋದು) ಹಾಕಿದ್ರೆ ಹಳೇ ಗಾಡಿ ಇಂಜಿನ್ ಕಥೆ ಮುಗೀತು ಅಂತ ಹೇಳ್ತಿದ್ದಾನೆ. ನಮ್ಮ ಮಾರುತಿ ಜಿಪ್ಸಿ ಏರಲ್ಲಿ ಎಳೀದೆ ಇರೋದಕ್ಕೂ ಇದೇ ಕಾರಣ. ಸುಮ್ನೆ ದುಡ್ಡು ಸುರೀಬೇಡಿ, ಕೊಟ್ಬಿಡಿ ಅದನ್ನ

ದೊಡ್ಡಪ್ಪ: ಕೊಡೋ ಮಾತು ಬೇಡ. ತೋಟಕ್ಕೆ ಗೊಬ್ಬರ ನೀನು ಬೆಂಗ್ಳೂರಿಂದ ಬಂದು ಹೊರ್ತೀಯಾ

ರವಿಯಣ್ಣ: ಇಂಜಿನ್ ಏನೂ ಮುಗ್ದಿಲ್ಲ ಕಣೋ ಪ್ರವೀಣ. ಶೆಡ್ಡಲ್ಲಿ ನ್ಯೂಟ್ರಲ್ಲಲ್ಲಿ ಎಷ್ಟು ರೇಸ್ ಮಾಡಿದ್ರೂ ಒಂಚೂರು ತೊಂದ್ರೆ ಇಲ್ಲ, ಮಾದಾಪುರ ಪೇಟೆ ಒಳಗೆ ಓಡಾಡಿದ್ರೂ ಸರಿ ಇದೆ, ಹಿಂದೆ ಮೂಟೆ ಹಾಕ್ಕೊಂಡು ಹಟ್ಟಿಹೊಳೆ ದಾಟಿ ಮಕ್ಕಂದೂರು ಕಡೆ ಏರು ಹತ್ತೋವಾಗ ಸೆಕೆಂಡ್ ಗೇರಲ್ಲಿ ಕಾಲು ಒತ್ತಿದ್ರೆ ಮಾತ್ರ ಮಿಸ್ಸಿಂಗ್ ಹೊಡಿಯುತ್ತೆ, ಇಂಜಿನ್ ಮುಗ್ಗರಿಸುತ್ತೆ

ಪುಷ್ಪಕ್ಕ: ಪ್ಲಗ್ ನೋಡಿದ್ರಾ

ರವಿಯಣ್ಣ: ಪ್ಲಗ್ ಹೊಸದು ಅಕ್ಕ. ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲ್ಲೂ ಹೊಸದು. ಈಗ ಮೆಕ್ಯಾನಿಕ್ಕು ಪೆಟ್ರೋಲ್-ಗಾಳಿ ಬೆರೆಸೋ ಕಾರ್ಬೊರೇಟರೇ ಚೇಂಜ್ ಮಾಡೋಣ ಅಂತಿದ್ದಾನೆ 😔

ಬಾವ: ಅಯ್ಯೋ ತಡಿ ಮಾರಾಯ. ರೋಗ ಏನು ಅಂತ ನೋಡದೆ ಸಾಮಾನು ತಂದು ಹಾಕ್ತಾ ಹೋದ್ರೆ ಅಂಗಡಿಯವನು ಉದ್ಧಾರ ಆಗ್ತಾನೆ ಅಷ್ಟೇ. ಒಂದು ಹೇಳು ರವಿ, ಏರಲ್ಲಿ ಫಟ್ ಅಂತ ಕಟ್ ಆಗುತ್ತಾ, ಇಲ್ಲಾ ನಿಧಾನಕ್ಕೆ ಸೊರಗುತ್ತಾ? ನಿಂತ ಮೇಲೆ ಏನಾಗುತ್ತೆ?

ರವಿಯಣ್ಣ: ಸೊರಗುತ್ತೆ ಬಾವ. ಸ್ವಲ್ಪ ಹೊತ್ತು ಸೈಡಿಗೆ ನಿಲ್ಸಿದ್ರೆ ಮತ್ತೆ ಚೆನ್ನಾಗೇ ಎಳಿಯುತ್ತೆ, ಮುಂದಿನ ಏರು ಬರೋವರೆಗೆ. ಚೋಕ್ ಅರ್ಧ ಎಳೆದ್ರೆ ಒಂಚೂರು ಚೇತರಿಸ್ಕೊಳ್ಳುತ್ತೆ

ಬಾವ: ಹಂಗಾದ್ರೆ ಪೆಟ್ರೋಲ್ ಸಾಲ್ತಿಲ್ಲ. ಚೋಕ್ ಎಳೆದ್ರೆ ಗಾಳಿ ಕಮ್ಮಿಯಾಗಿ ಪೆಟ್ರೋಲ್ ಪಾಲು ಜಾಸ್ತಿ ಆಗುತ್ತಲ್ಲ, ಅದಕ್ಕೇ ಚೇತರಿಸ್ಕೊಳ್ಳೋದು. ಕರೆಂಟ್ ತೊಂದ್ರೆ ಆದ್ರೆ ಸಾಮಾನ್ಯವಾಗಿ ಫಟ್ ಅಂತ ಕೊಡವುತ್ತೆ, ಚೋಕ್ ಎಳೆದ್ರೂ ಅದಕ್ಕೇನೂ ಆಗಲ್ಲ. ಖಾಲಿ ಗಾಡಿ ರೇಸ್ ಮಾಡಿದ್ರೆ ಪೆಟ್ರೋಲ್ ಎಷ್ಟು ಬೇಕು ಹೇಳು, ಲೋಡಲ್ಲೇ ತಾನೇ ಕುಡಿಯೋದು. ಪಂಪಿಂದ ಬರೋದು ಸಾಲದಿದ್ರೆ ಕಾರ್ಬೊರೇಟರಲ್ಲಿ ಪೆಟ್ರೋಲ್ ನಿಲ್ಲೋ ಬೌಲ್ ಖಾಲಿ ಆಗ್ತಾ ಬರುತ್ತೆ, ನಿಲ್ಸಿದಾಗ ತುಂಬ್ಕೊಳ್ಳುತ್ತೆ

ಪ್ರವೀಣ: ಅದೇ ಬಾವ ನಾನು ಹೇಳಿದ್ದು, ಎಥನಾಲಿಂದ ಮಿಕ್ಸ್ಚರ್ ಲೀನ್ ಆಗುತ್ತೆ, ಅಂದ್ರೆ ಗಾಳಿ ಜಾಸ್ತಿ ಇಂಧನ ಕಮ್ಮಿ. ನಮ್ದು 98ರ ಗಾಡಿ, ಕಾರ್ಬೊರೇಟರ್ರು

ಬಾವ: ಲೀನ್ ಆಗುತ್ತೆ, ಇಲ್ಲ ಅನ್ನಲ್ಲ. ಒಂದು ಕೆಜಿ ಪೆಟ್ರೋಲಿಗೆ ಹದಿನಾಲ್ಕೂವರೆ ಕೆಜಿ ಗಾಳಿ ಬೇಕು, ಎಥನಾಲಿಗೆ ಒಂಬತ್ತು ಸಾಕು, ಕಾರ್ಬೊರೇಟರಿಗೆ ಈ ಲೆಕ್ಕ ಗೊತ್ತಾಗಲ್ಲ. ಆದ್ರೆ ಬರೀ ಅದೇ ಆಗಿದ್ರೆ ಸ್ವಲ್ಪ ಹೊತ್ತು ಸೈಡಿಗೆ ನಿಲ್ಸಿದ್ರೆ ಹೆಂಗಪ್ಪಾ ಸರಿ ಹೋಗುತ್ತೆ? ಎಲ್ಲಾ ಏರಲ್ಲೂ ಒಂದೇ ಥರ ಇರ್ಬೇಕಿತ್ತು. ನಿನ್ನ ವಿಡಿಯೊದವನು ಏರು ಹತ್ತಿ ತೋರ್ಸಿದ್ದಾನಾ

ಪ್ರವೀಣ: ಅವನು ಇಂಜಿನಿಯರ್ ಬಾವ

ದೊಡ್ಡಪ್ಪ: ನಮ್ಮನೇಲೂ ನಾಲ್ಕು ಜನ ಇದ್ದಾರೆ, ಸ್ಟೆಪ್ನಿ ಚೇಂಜ್ ಮಾಡೋಕೆ ಬರಲ್ಲ

ಬಾವ: 😂 ರವಿ, ಮೊದ್ಲು ಪೆಟ್ರೋಲ್ ಟ್ಯಾಂಕ್ ಮುಚ್ಚಳ ಸಡಿಲ ಮಾಡಿ ಅದೇ ಏರು ಹತ್ತು. ಮುಚ್ಚಳದ ಗಾಳಿ ತೂತು ಕಟ್ಕೊಂಡಿದ್ರೂ ಹಿಂಗೇ ಆಗುತ್ತೆ. ಅದಲ್ಲ ಅಂದ್ರೆ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕಾರ್ಬೊರೇಟರಿಗೆ ಹೋಗೋ ಪೈಪ್ ಬಿಚ್ಚಿ ಬಾಟ್ಲಿಗೆ ಹಾಕು, ಕಾಯಿಲ್ ವೈರ್ ಕಿತ್ತು ಸೆಲ್ಫ್ ಹೊಡಿ. ರಭಸವಾಗಿ ಚಿಮ್ಮಿ ಚಿಮ್ಮಿ ಬರ್ಬೇಕು. ಬರದಿದ್ರೆ ಪೆಟ್ರೋಲ್ ಫಿಲ್ಟರ್ ನೋಡು, ಆಮೇಲೆ ಟ್ಯಾಂಕಿಂದ ಬರೋ ರಬ್ಬರ್ ಪೈಪ್ ಎಲ್ಲಾ ಬಗ್ಗಿಸಿ ನೋಡು, ಬಿರುಕು ಬಿಟ್ಟಿದ್ರೆ ಪಂಪು ಪೆಟ್ರೋಲ್ ಬದ್ಲು ಗಾಳಿ ಎಳಿಯುತ್ತೆ. ಅದೆಲ್ಲ ಸರಿ ಇದ್ರೆ ಆಗ ಪಂಪ್ ಒಳಗಿನ ಡಯಾಫ್ರಾಮ್ (ಪೆಟ್ರೋಲ್ ಎಳೆಯೋ ತೆಳು ಪರದೆ) ನೋಡು. ಹತ್ರ ಬೀಡಿ ಹಚ್ಚೋರು ಯಾರೂ ಇರ್ಬಾರ್ದು, ಮಾವನಿಗೂ ಹೇಳು

ದೊಡ್ಡಪ್ಪ: ಓದಿದೆ ಅಳಿಯಂದ್ರೇ

(ಸಂಜೆ)

ರವಿಯಣ್ಣ: (ಫೋಟೊ) ಬಾವ ಮುಚ್ಚಳ ಅಲ್ಲ. ಪೆಟ್ರೋಲ್ ತೊಟ್ಟಿಕ್ತಾ ಬರ್ತಿತ್ತು. ಫಿಲ್ಟರ್ ಬಿಚ್ಚಿ ಊದಿದ್ರೆ ಗಾಳಿನೇ ಹೋಗಲ್ಲ, ಕುಟ್ಟಿದ್ರೆ ಕಂದು ಪುಡಿ. ಹೊಸದು ಹಾಕಿ ನಾಲ್ಕು ಮೂಟೆ ತುಂಬ್ಕೊಂಡು ಹೋಗ್ಬಂದೆ, ಎಲ್ಲೂ ನಿಲ್ಲಲಿಲ್ಲ

ಬಾವ: ಅದು ಟ್ಯಾಂಕಿನ ತುಕ್ಕು. ಮಳೆಗಾಲ ಪೂರ್ತಿ ಅರ್ಧ ಟ್ಯಾಂಕಲ್ಲಿ ನಿಲ್ಸಿದ್ರಲ್ಲ, ಖಾಲಿ ಜಾಗದಲ್ಲಿ ತೇವ ಕೂತಿರುತ್ತೆ. ಟ್ಯಾಂಕ್ ಇಳಿಸಿ ತೊಳೀದಿದ್ರೆ ಹೊಸ ಫಿಲ್ಟರ್ರೂ ಕಟ್ಕೊಳ್ಳುತ್ತೆ

ಪ್ರವೀಣ: ಎಥನಾಲ್ ನೀರು ಹೀರುತ್ತೆ, ಟ್ಯಾಂಕಿನ ಹಳೇ ಕೊಳೆನೂ ಕಿತ್ಕೊಂಡು ಬರುತ್ತೆ. ಅಂದ್ರೆ ಪೆಟ್ರೋಲೇ ಕಾರಣ ತಾನೇ??

ಬಾವ: ಕೊಳೆ ಕೀಳುತ್ತೆ ಅನ್ನೋದು ನಿಜ, ರಬ್ಬರ್ ಪೈಪಿಗೂ ಆಗಲ್ಲ, ಅದಕ್ಕೇ ಪೈಪ್ ಎಲ್ಲಾ ಒಂದ್ಸಲ ಎಥನಾಲ್ ತಡೆಯೋದೇ ಹಾಕ್ಸಿ ಅಂತೀನಿ. ಆದ್ರೆ ನೀನು ಹೇಳಿದ್ದು ಇಂಜಿನ್ ಹೋಯ್ತು, ಗಾಡಿ ಮಾರಿ ಅಂತ

ದೊಡ್ಡಪ್ಪ: ಅದು ಬಿಡಿ. ಕಾಯಿಲ್ ದುಡ್ಡು ಯಾರ ಲೆಕ್ಕಕ್ಕೆ ಬರೀಲಿ

ಪುಷ್ಪಕ್ಕ: ಹಳೇದು ಚೆನ್ನಾಗಿತ್ತಲ್ಲ, ಅದ್ನೇ ಹಾಕಿ ಹೊಸದು ವಾಪಸ್ ಕೊಡಿ

ರವಿಯಣ್ಣ: ಎಲೆಕ್ಟ್ರಿಕಲ್ ಸಾಮಾನು ವಾಪಸ್ ತಗೊಳ್ಳಲ್ಲ ಅಂತೆ ಅಕ್ಕ