ಸಹಾಯ ಬೇಕು: ಎರೆಮಣ್ಣಿನ ಹಿತ್ತಲಿನಲ್ಲಿ ಎಲ್ಲ ಕಾಲಕ್ಕೂ ಒದಗುವ ಕಟ್ಟೆ

ಮಾನ್ಯರೇ, ರಾಯಚೂರಿನ ನಮ್ಮ ಮನೆಯ ಹಿತ್ತಲಿನಲ್ಲಿ, ಪಶ್ಚಿಮಕ್ಕೆ ತೆರೆದಿರುವ 20 ಅಡಿ ಉದ್ದ, 15 ಅಡಿ ಅಗಲದ ಜಾಗದಲ್ಲಿ, ವಯಸ್ಸಾದ ಅವ್ವ ವರ್ಷವಿಡೀ ಸಂಜೆ ಹೊತ್ತು ಕೂರುವಂತಹ ನೆರಳಿನ ಕಟ್ಟೆಯೊಂದನ್ನು ಕಟ್ಟಿಸಬೇಕೆಂದಿದ್ದೇನೆ. ನನ್ನ ಮುಖ್ಯ ಚಿಂತೆ ನೆಲದ್ದು. ಇಲ್ಲಿನ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುವುದರಿಂದ, ಹಿಂದೆ ಹಾಕಿಸಿದ್ದ ಸಿಮೆಂಟ್ ನೆಲ ಎರಡೇ ವರ್ಷಕ್ಕೆ ಸೀಳಿಹೋಯಿತು. ಈ ಸಲ ಎರೆ ತೆಗೆಸಿ, ಗರಸು ತುಂಬಿ ದಮ್ಮಸ್ಸು ಮಾಡಿಸಿ, ಮೇಲೆ ಶಹಾಬಾದ್ ಕಲ್ಲು ಹಾಸಿಸುವುದಾದರೆ ಎಷ್ಟು ಆಳ ಅಗೆಸಬೇಕು, ಕಲ್ಲುಗಳ ಸಂದಿಗೆ ಏನು ತುಂಬಬೇಕು? ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ತಗಡಿನ ಚಾವಣಿ ಕಾದು ಕೆಂಡವಾಗುವುದರಿಂದ ಬೇವಿನ ನೆರಳೇ ಮೇಲೆಂದು ನನ್ನ ಅನಿಸಿಕೆ. ಗಿಡ ಬೆಳೆಯುವವರೆಗೆ ಏನು ಹೊದಿಸಬಹುದು? ಎರೆನೆಲದಲ್ಲಿ ಕಟ್ಟಿಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಿರಿ.