ಹ್ಯಾಂಡಿಕ್ಯಾಪ್ 0.2 ಇದೆ, ಯುಎಸ್ ಓಪನ್ ಲೋಕಲ್ ಕ್ವಾಲಿಫೈಯರ್‌ಗೆ ಅರ್ಜಿ ಹಾಕಲಾ?

ಪ್ಲೇನೋ_ಹಾಸನ

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗ ಇರುವುದು ಟೆಕ್ಸಾಸ್‌ನಲ್ಲಿ, ಕೆಲಸ ಸಾಫ್ಟ್‌ವೇರ್. ಗಾಲ್ಫ್ ಹಿಡಿದದ್ದೇ ಇಲ್ಲಿಗೆ ಬಂದ ಮೇಲೆ. ಈ ಚಳಿಗಾಲದಲ್ಲಿ ನನ್ನ ಹ್ಯಾಂಡಿಕ್ಯಾಪ್ ಇಂಡೆಕ್ಸ್ (ಆಟದ ಮಟ್ಟ ತೋರಿಸುವ ಅಂಕಿ, ಕಡಿಮೆ ಇದ್ದಷ್ಟೂ ಒಳ್ಳೆಯದು) 0.2ಕ್ಕೆ ಇಳಿಯಿತು. ಅಮೆರಿಕದ ದೊಡ್ಡ ಗಾಲ್ಫ್ ಪಂದ್ಯ ಯುಎಸ್ ಓಪನ್‌ಗೆ ಅಮೆಚೂರ್‌ಗಳು (ಹಣಕ್ಕಾಗಿ ಆಡದವರು) ಅರ್ಜಿ ಹಾಕಬೇಕಾದರೆ 0.4 ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಅಂದರೆ ನಾನೂ ಹಾಕಬಹುದು. ಅದು ಗೊತ್ತಾದಾಗಿನಿಂದ ತಲೆಯಲ್ಲಿ ಬೇರೇನೂ ಓಡುತ್ತಿಲ್ಲ. ಶನಿವಾರ ಜೊತೆಗೆ ಆಡುವ ಗೆಳೆಯರು ಸುಮ್ನೆ ಫೀಸ್ ದಂಡ ಅನ್ನುತ್ತಾರೆ. ಕೇಳಬೇಕಿರುವುದು ಇಷ್ಟೇ: ಎಷ್ಟು ಹೊಡೆದರೆ ಮುಂದೆ ಹೋಗಬಹುದು? ಪ್ರೊಗಳ ಜೊತೆ ಆಡಿದರೆ ಅಮೆಚೂರ್ ಸ್ಟೇಟಸ್ ಹೋಗುತ್ತದಾ? ನಮ್ಮವರು ಯಾರಾದರೂ ಆಡಿದ್ದೀರಾ?

ಮೂರುಪಟ್

ಆಡಿದ್ದೇನೆ, ಮುಂದಿನ ಹಂತಕ್ಕೆ ಹೋಗಿಲ್ಲ. ಮೊದಲು ಸುಲಭದ್ದು: ಸ್ಟೇಟಸ್‌ಗೆ ಏನೂ ಆಗುವುದಿಲ್ಲ. ಅಮೆಚೂರ್ ಅಂತಲೇ ಹೆಸರು ಕೊಡಿ, ಅಮೆಚೂರ್‌ಗಳಿಗೆ ಇರುವ ಮಿತಿ ಮೀರಿದ ಬಹುಮಾನ ಮುಟ್ಟುವ ಹಾಗಿಲ್ಲ, ಅಷ್ಟೇ.

ಈಗ ಸ್ಕೋರ್ ವಿಷಯ. ನಿಮ್ಮ 0.2 ಎಲ್ಲಿಂದ ಬಂತು ನೋಡಿ. ಕೊನೆಯ 20 ರೌಂಡ್‌ಗಳಲ್ಲಿ ಒಳ್ಳೆಯ 8ನ್ನು ಆರಿಸಿ ಅದರ ಸರಾಸರಿ ತೆಗೆಯುತ್ತಾರೆ, ಉಳಿದ 12 ರೌಂಡ್ ಲೆಕ್ಕಕ್ಕೇ ಇಲ್ಲ. ಅಂದರೆ ಅದು ನಿಮ್ಮ ಒಳ್ಳೆಯ ದಿನದ ಆಟ, ಮಾಮೂಲಿ ದಿನದ್ದಲ್ಲ. ಮಾಮೂಲಿ ದಿನ ನೀವು ಪಾರ್‌ಗಿಂತ (ಕೋರ್ಸ್‌ಗೆ ನಿಗದಿಯಾದ ಹೊಡೆತಗಳ ಲೆಕ್ಕ) ಮೂರು ನಾಲ್ಕು ಜಾಸ್ತಿಯೇ ಹೊಡೆಯುತ್ತಿರುತ್ತೀರಿ, ಅದೂ ನಿಮಗೆ ಪರಿಚಯದ ಕೋರ್ಸ್‌ನಲ್ಲಿ, ಗೆಳೆಯರು ಎರಡಡಿ ಪಟ್ (ಹೋಲ್ ಹತ್ತಿರದ ಹೊಡೆತ) ಹೊಡೆಯದೆಯೇ ಬಿಟ್ಟುಕೊಡುವ ಆಟದಲ್ಲಿ. ಲೋಕಲ್ ಕ್ವಾಲಿಫೈಯರ್, ಅಂದರೆ ಅರ್ಹತೆಯ ಮೊದಲ ಹಂತ, 18 ಹೋಲ್, ಒಂದೇ ರೌಂಡ್. ಸೀಟು ಬೆರಳೆಣಿಕೆಯಷ್ಟು. ಕಾಲೇಜು ಹುಡುಗರು, ಮಿನಿ ಟೂರ್ ಪ್ರೊಗಳು ಅದಕ್ಕೇ ಬಂದಿರುತ್ತಾರೆ, ಸಾಮಾನ್ಯವಾಗಿ ಪಾರ್‌ಗಿಂತ ಕೆಳಗೆ ಹೊಡೆದವರೇ ಹೋಗುವುದು. ಅಲ್ಲಿ ಗೆದ್ದರೆ ಫೈನಲ್ ಕ್ವಾಲಿಫೈಯಿಂಗ್, ಒಂದೇ ದಿನ 36 ಹೋಲ್.

ಆದರೂ ಹಾಕಿ ಅನ್ನುತ್ತೇನೆ. ಕಾರ್ಟ್ ಇಲ್ಲ, ನಡೆಯಲೇಬೇಕು, ಪ್ರತಿಯೊಂದು ಪಟ್ಟನ್ನೂ ಹೋಲ್‌ಗೆ ಹಾಕಲೇಬೇಕು. ಮೂರಡಿ ಪಟ್ ಮುಂದೆ ಕೈ ನಡುಗುತ್ತದೆ ಅನ್ನುವುದು ನಿಜವಾದ ಸ್ಕೋರ್‌ಕಾರ್ಡ್ ಕೈಯಲ್ಲಿದ್ದಾಗಲೇ ಗೊತ್ತಾಗುವುದು. ನನ್ನ ಗ್ರೂಪ್‌ನಲ್ಲಿದ್ದ ಹುಡುಗ ಬೋಗಿ (ಪಾರ್‌ಗಿಂತ ಒಂದು ಜಾಸ್ತಿ) ಹೊಡೆದರೂ ಮುಖದ ಮೇಲೆ ಏನೂ ಬದಲಾಗದೆ ಮುಂದಿನ ಹೋಲ್ ಶುರುವಾಗುವ ಟೀಗೆ ನಡೆದುಬಿಡುತ್ತಿದ್ದ. ಒಂದು ರೌಂಡ್ ಪೂರ್ತಿ ಅವನನ್ನು ನೋಡಿದ್ದರಿಂದ ನನ್ನ ಆಟವೇ ಬದಲಾಯಿತು.

ನಿಧಾನ_ಸ್ವಿಂಗ್

ನಾನು ಈ ವರ್ಷ ಬೇಡ ಅನ್ನುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ಕೋರ್ಸ್ ರೇಟಿಂಗ್‌ಗಿಂತ (ಕೋರ್ಸ್ ಎಷ್ಟು ಕಷ್ಟ ಅನ್ನುವ ಲೆಕ್ಕ) ತುಂಬಾ ಜಾಸ್ತಿ ಹೊಡೆದರೆ ಮುಂದಿನ ಸಲದ ಅರ್ಜಿಯನ್ನು ಪಂದ್ಯ ನಡೆಸುವ ಯುಎಸ್‌ಜಿಎ ತಿರಸ್ಕರಿಸಬಹುದು, ಆಗ ನಿಮ್ಮ ಆಟದ ದಾಖಲೆ ತೋರಿಸಿ ಒಪ್ಪಿಸಬೇಕಾಗುತ್ತದೆ. ಮೊದಲು ನಿಮ್ಮ ಸಿಟಿ ಅಮೆಚೂರ್, ಸ್ಟೇಟ್ ಅಮೆಚೂರ್ ಆಡಿ. 25 ದಾಟಿದವರಿಗೆ ಯುಎಸ್ ಮಿಡ್-ಅಮೆಚೂರ್ ಕ್ವಾಲಿಫೈಯರ್ ಇದೆ. ಅಲ್ಲಿ ಬರುವವರೂ ನಮ್ಮ ಹಾಗೆ ಕೆಲಸ, ಮನೆ, ಮಕ್ಕಳು ಇರುವವರೇ. ಆ ಚಾಂಪಿಯನ್‌ಶಿಪ್ ಗೆದ್ದವರಿಗೆ ಯುಎಸ್ ಓಪನ್‌ಗೇ ನೇರ ಪ್ರವೇಶ ಸಿಗುತ್ತದೆ.

ಮೂರುಪಟ್

ಮಿಡ್-ಆಮ್ ಮಾತು ಒಪ್ಪಿದೆ, ಎರಡೂ ಆಡಲಿ. ಆದರೆ ಬೇಡ ಅನ್ನಬೇಡಿ. 2025ರಲ್ಲಿ 10,202 ಜನ ಅರ್ಜಿ ಹಾಕಿದ್ದರು, ಆಡಿದವರು 156. ಆ 156ರಲ್ಲಿ ಒಬ್ಬರು ಮ್ಯಾಟ್ ವೋಗ್ಟ್, ಇಂಡಿಯಾನಾದ ದಂತವೈದ್ಯರು, ಅಮೆಚೂರ್. ಹಿಂದೆ ಓಕ್‌ಮಾಂಟ್ ಕೋರ್ಸ್‌ನಲ್ಲಿ ಕ್ಯಾಡಿ (ಆಟಗಾರರ ಬ್ಯಾಗ್ ಹೊರುವವರು) ಆಗಿದ್ದವರು, ಅದೇ ಓಕ್‌ಮಾಂಟ್‌ನಲ್ಲಿ ಓಪನ್ ಆಡಿದರು. ಕಟ್ ದಾಟಲಿಲ್ಲ ನಿಜ, ಮೊದಲ ಎರಡು ರೌಂಡ್‌ಗೇ ಆಟ ಮುಗಿಯಿತು. ಆದರೆ ಹಗಲೆಲ್ಲ ಹಲ್ಲು ನೋಡುವ ಮನುಷ್ಯ ಅಲ್ಲಿತನಕ ಹೋದರಲ್ಲ, ನನಗೆ ಅದನ್ನು ನೋಡಿ ಕಣ್ಣು ತುಂಬಿ ಬಂತು.

ಜಯಚಾಮರಾಜ_ರಸ್ತೆ

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಅಮೆಚೂರ್ ಆಗಿ ಪ್ರೊಗಳ ಜೊತೆ ಆಡುವುದು ನಮ್ಮಲ್ಲೂ ಹೊಸದೇನಲ್ಲ. ಅದಿತಿ ಅಶೋಕ್ 2011ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ಅಮೆಚೂರ್ ಆಗಿಯೇ ದೇಶದ ಮಹಿಳಾ ಪ್ರೊ ಟೂರ್‌ನಲ್ಲಿ ಗೆದ್ದಿದ್ದಳು. ಪ್ರೊ ಗಾಲ್ಫರ್ ಚಿಕ್ಕರಂಗಪ್ಪ ಬೆಳೆದದ್ದು ಬಿಡದಿ ಹತ್ತಿರದ ಈಗಲ್‌ಟನ್ ಕೋರ್ಸ್ ಪಕ್ಕದ ಹಳ್ಳಿಯಲ್ಲಿ. ಇವರಿಬ್ಬರೂ ಚಿಕ್ಕ ವಯಸ್ಸಿನಿಂದಲೇ ದೊಡ್ಡವರ ಜೊತೆ, ಸ್ಕೋರ್ ಬರೆದಿಡುವ ಆಟ ಆಡಿ ಬೆಳೆದವರು. ನಿಮಗೆ ಅದು ಈಗ ಸಿಗುತ್ತಿದೆ, ತಡ ಆದರೇನು?

ಒಂದೇ ಕೆಲಸ ಮಾಡಿ. ಈ ಶನಿವಾರದಿಂದಲೇ ಗೆಳೆಯರಿಗೆ ಹೇಳಿ, ಪಟ್ ಬಿಟ್ಟುಕೊಡುವುದು ಬೇಡ ಅಂತ. ಎಲ್ಲಕ್ಕಿಂತ ಹಿಂದಿರುವ, ದೂರದ ಟೀಯಿಂದ ಆಡಿ, ಚೆಂಡು ಎಲ್ಲಿ ಬಿತ್ತೋ ಅಲ್ಲಿಂದಲೇ ಹೊಡೆಯಿರಿ, ಬ್ಯಾಗ್ ಹೊತ್ತು ನಡೆಯಿರಿ.

ಪ್ಲೇನೋ_ಹಾಸನ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 20ರಲ್ಲಿ 8 ಅನ್ನುವುದು ಓದಿ, ಕೂತು ನನ್ನ ಉಳಿದ 12 ರೌಂಡ್ ನೋಡಿದೆ. ಮೂರುಪಟ್ ಅವರೇ, ನೀವು ಹೇಳಿದ್ದು ಸರಿ, ಸರಾಸರಿ ಪಾರ್‌ಗಿಂತ ನಾಲ್ಕರ ಹತ್ತಿರ ಇದೆ. ಆದರೂ ಅರ್ಜಿ ಹಾಕುತ್ತೇನೆ, ಅದಕ್ಕೆ ಮೊದಲು ಸಿಗುವ ಟೂರ್ನಮೆಂಟ್‌ಗಳಿಗೆಲ್ಲ ಹೆಸರು ಕೊಡುತ್ತೇನೆ. ಕ್ಯಾಡಿ ಇಟ್ಟುಕೊಳ್ಳಬಹುದಾ? ನನ್ನ ಭಾವಮೈದುನ ಬರುತ್ತೇನೆ ಅನ್ನುತ್ತಿದ್ದಾನೆ, ಅವನಿಗೆ ಗಾಲ್ಫ್ ಗೊತ್ತಿಲ್ಲ.

ಮೂರುಪಟ್

ಇಟ್ಟುಕೊಳ್ಳಬಹುದು. ಕರೆದುಕೊಂಡು ಹೋಗಿ. ಬಂಕರ್ ಸರಿಮಾಡುವುದು, ಪಟ್ ಮಾಡುವಾಗ ಎಲ್ಲಿ ನಿಲ್ಲಬಾರದು ಅನ್ನುವುದು, ಇವೆರಡನ್ನು ಮೊದಲೇ ಕಲಿಸಿ. ನೀರು, ಬಾಳೆಹಣ್ಣು ಅವನ ಜವಾಬ್ದಾರಿ. ಅರ್ಜಿ ಏಪ್ರಿಲ್ ಶುರುವಿನಲ್ಲೇ ಮುಚ್ಚಿಹೋಗುವುದುಂಟು, ಹತ್ತಿರದ ಕೋರ್ಸ್ ಬೇಗ ತುಂಬುತ್ತದೆ, ಇವತ್ತೇ ಯುಎಸ್‌ಜಿಎ ಸೈಟ್ ನೋಡಿ.