‘ಜರ್ನಿಮನ್ ಜಾಕಿ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಜಂಪ್ ರೇಸಿನ ಮೇಲೊಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಜರ್ನಿಮನ್ ಜಾಕಿ’, ಅಂದರೆ ಚಾಂಪಿಯನ್ ಅಲ್ಲದಿದ್ದರೂ ಕಸುಬಿನಲ್ಲಿ ಪಳಗಿದ ಕುದುರೆ ಸವಾರ, ಅನ್ನೋ ಮಾತಿಗೆ ಸರಿಯಾದ ಪದ ಸಿಗುತ್ತಿಲ್ಲ.

ಬೆಂಗಳೂರು, ಮೈಸೂರಿನಲ್ಲಿ ನಾವು ನೋಡೋದು ಬಯಲು ಟ್ರ್ಯಾಕಿನ ಓಟ. ಅಲ್ಲಿಯದು ಬೇರೆ. ಕುದುರೆ ಬೇಲಿ ಹಾರಬೇಕು. ದೊಡ್ಡ ಬೇಲಿಗಳು ಸಾಮಾನ್ಯವಾಗಿ 4 ಅಡಿ 6 ಇಂಚಿಗೆ ಕಮ್ಮಿ ಇರುವುದಿಲ್ಲ. ಬಿದ್ದು ಮೂಳೆ ಮುರಿಯೋದು ಕಸುಬಿನ ಭಾಗವೇ.

‘ಜರ್ನಿ’ ಅಂದಕೂಡಲೇ ಪ್ರಯಾಣ ಅನಿಸುತ್ತದೆ. ಆದರೆ ಇದರ ಬೇರು ಫ್ರೆಂಚಿನ ‘ದಿನದ ಕೆಲಸ’. ಹಾಗಾದರೆ ‘ದಿನಗೂಲಿ ಜಾಕಿ’ ಅನ್ನಬಹುದಲ್ವಾ? ಲೆಕ್ಕ ಸರಿಯೇ, ಸವಾರಿಗಿಷ್ಟು ಅಂತ ಫೀಸು, ಸವಾರಿ ಇಲ್ಲದ ದಿನ ಫೀಸೂ ಇಲ್ಲ. ಆದರೆ ದಿನಗೂಲಿ ಅಂದರೆ ಪಳಗಿದ ಕೈ ಅನ್ನೋ ಅರ್ಥ ಕಳೆದುಹೋಗುತ್ತದೆ. ‘ಸಾಧಾರಣ ಜಾಕಿ’ ಅಂದರೆ ಬೈದ ಹಾಗೆ. ಗಾರೆ ಕೆಲಸದಲ್ಲಿ ಕೈಯಾಳಿಗೂ ಮೇಸ್ತ್ರಿಗೂ ನಡುವೆ ಒಬ್ಬ ಇರುತ್ತಾನಲ್ಲ, ಅಂಥವನು ಇವನು.

ಆ ಕೈಯಾಳಿನ ಹಂತಕ್ಕೆ ಬ್ರಿಟನ್ನಿನಲ್ಲಿ ‘ಕಂಡಿಷನಲ್’ ಅಂತ ಹೆಸರು. ಹೊಸಬ ಹತ್ತಿದ ಕುದುರೆಗೆ ಹೊತ್ತು ಓಡಬೇಕಾದ ಭಾರದಲ್ಲಿ ರಿಯಾಯಿತಿ: 20 ಗೆಲುವಿನವರೆಗೆ 7 ಪೌಂಡ್, 40ರವರೆಗೆ 5, 75ರವರೆಗೆ 3. ಆಮೇಲೆ ಸೊನ್ನೆ. ಕಷ್ಟ ಶುರುವಾಗೋದು ಅಲ್ಲೇ. ರಿಯಾಯಿತಿ ಹೋದವನನ್ನು ಟ್ರೈನರ್ ಯಾಕೆ ಕರೆಯಬೇಕು? ದೊಡ್ಡ ಹೆಸರಿನವರು ಇದ್ದಾರೆ, ರಿಯಾಯಿತಿ ಇರುವ ಹುಡುಗರೂ ಇದ್ದಾರೆ. ನಡುವಿನವನಿಗೆ ಉಳಿಯೋದು ಬೇರೆಯವರು ಬೇಡ ಅಂದ ಕುದುರೆ.

ಜಾನ್ ಬಕಿಂಗ್‌ಹ್ಯಾಮ್‌ಗೆ 1967ರ ಗ್ರ್ಯಾಂಡ್ ನ್ಯಾಷನಲ್ ಅನ್ನೋ ದೊಡ್ಡ ಜಂಪ್ ರೇಸಿನಲ್ಲಿ ಫಾಯ್ನವನ್ ಅನ್ನೋ ಕುದುರೆ ಸಿಕ್ಕಿದ್ದು ಹಾಗೇ. ಬೇರೆ ಜಾಕಿಗಳು ಒಲ್ಲೆ ಅಂದಿದ್ದರು, ಬಾಜಿಯಲ್ಲಿ ಅದರ ಬೆಲೆ ಒಂದಕ್ಕೆ ನೂರು. ಕುದುರೆಯ ಟ್ರೈನರ್ ಕೂಡ ಅವತ್ತು ಆ ರೇಸು ನಡೆಯೋ ಏಂಟ್ರಿಗೆ ಬರದೆ ವೂಸ್ಟರ್‌ನ ರೇಸಿಗೆ ಹೋಗಿದ್ದ. 23ನೇ ಬೇಲಿಯಲ್ಲಿ ಸವಾರನಿಲ್ಲದ ಒಂದು ಕುದುರೆ ಅಡ್ಡ ತಿರುಗಿ, ಮುಂದಿದ್ದವೆಲ್ಲ ಒಂದರ ಮೇಲೊಂದು ಗುಡ್ಡೆ ಬಿದ್ದವು. ಫಾಯ್ನವನ್ ತುಂಬ ಹಿಂದಿತ್ತು. ಹಾಗಾಗಿ ಬಕಿಂಗ್‌ಹ್ಯಾಮ್‌ಗೆ ಸಂದು ಹುಡುಕೋಕೆ ಪುರುಸೊತ್ತು ಸಿಕ್ಕಿತು, ಗೆದ್ದೂ ಬಿಟ್ಟ. ಅದೃಷ್ಟ ಅನ್ನೋರಿದ್ದಾರೆ. ಆ ಗಲಾಟೆಯಲ್ಲಿ ಕುದುರೆ ಬೆದರದಂತೆ ಬೇಲಿ ಹಾರಿಸೋದು ಸುಮ್ನೆ ಆಗೋ ಮಾತಲ್ಲ ಅಂತ ನನಗನಿಸುತ್ತದೆ. ಸವಾರಿ ಬಿಟ್ಟ ಮೇಲೆ ಆತ ‘ವ್ಯಾಲೆ’ ಆದ. ಅಂದರೆ ಜಾಕಿಗಳ ಜೀನು, ಬಟ್ಟೆ, ಬೂಟು ತಯಾರಿಟ್ಟುಕೊಡುವವನು. ಇದಕ್ಕೂ ಒಂದು ಪದ ಬೇಕು. ‘ಸೇವಕ’ ಒಗ್ಗುತ್ತಿಲ್ಲ.

ಸದ್ಯಕ್ಕೆ ನನ್ನ ಓಟು ‘ಕಸುಬಿನ ಜಾಕಿ’ಗೆ. ‘ವೃತ್ತಿಪರ’ ಬೇಡ, ಅದು ಚಾಂಪಿಯನ್‌ಗೂ ಹೊಂದುತ್ತದೆ. ನಿಮ್ಮ ಪದವನ್ನು ಈ ವಾಕ್ಯದಲ್ಲಿ ಕೂರಿಸಿ ಹೇಳಿ: “ಬಕಿಂಗ್‌ಹ್ಯಾಮ್ ಚಾಂಪಿಯನ್ ಅಲ್ಲ, ಒಬ್ಬ ______ ಜಾಕಿ.” ಓದಿದವರಿಗೆ ಅವನ ಮೇಲೆ ಕನಿಕರ ಹುಟ್ಟಬಾರದು, ಅಷ್ಟೇ ಷರತ್ತು.